ಸಿಂಗಲ್ ಫೇಸ್ ಶೆಡ್ಡು, ತ್ರೀ ಫೇಸ್ ಲೇತು: ಓಡಿಸಿ ನೋಡಿದ ಮೂರು ದಾರಿ

ನನ್ನ ಲೇತಿಗೆ ಇರುವುದು 1.5 ಕಿಲೋವ್ಯಾಟ್‌ನ ತ್ರೀ ಫೇಸ್ ಮೋಟರ್. ಶೆಡ್ಡಿಗೆ ಬರುವುದು 230 ವೋಲ್ಟಿನ ಸಿಂಗಲ್ ಫೇಸ್. ಇವೆರಡನ್ನೂ ಹೊಂದಿಸಲು ಕೆಪಾಸಿಟರ್, ರೋಟರಿ ಕನ್ವರ್ಟರ್, ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಮೂರನ್ನೂ ಬಳಸಿ ನೋಡಿದ್ದೇನೆ. ಮೂರರಲ್ಲೂ ಮೋಟರ್ ತಿರುಗುತ್ತದೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಕರೆಂಟ್ ಹೋಗಿ ಬಂದಾಗ ಮೆಷಿನ್ ತಾನಾಗಿ ಶುರುವಾಗುತ್ತದಾ? ಮೆಷಿನ್ನಿನ ಲೋಹದ ಮೈಗೆ ಕರೆಂಟ್ ಸೋರಿದರೆ ಸಪ್ಲೈ ತಕ್ಷಣ ಕಟ್ ಆಗುತ್ತದಾ?

ಮೂರಕ್ಕೂ ಮೊದಲ ಕೆಲಸ ಒಂದೇ. ಮೋಟರ್ ಪ್ಲೇಟಿನ ಮೇಲೆ 230/400 ಅಂತ ಇರಬೇಕು. ಟರ್ಮಿನಲ್ ಡಬ್ಬಿ ಬಿಚ್ಚಿದಾಗ ನನ್ನದರಲ್ಲಿ ಹಿತ್ತಾಳೆ ಪಟ್ಟಿಗಳು ಒಂದೇ ಸಾಲಿನಲ್ಲಿ ಅಡ್ಡಲಾಗಿ ಕೂತಿದ್ದವು. ಅದು ಸ್ಟಾರ್, 400 ವೋಲ್ಟಿನ ಜೋಡಣೆ. ಮೂರು ಪಟ್ಟಿಗಳನ್ನು ಉದ್ದಕ್ಕೆ ಕೂರಿಸಿ ಡೆಲ್ಟಾ, ಅಂದರೆ 230 ವೋಲ್ಟಿನ ಜೋಡಣೆ, ಮಾಡಿದೆ.

ಕೆಪಾಸಿಟರ್ ಎಲ್ಲಕ್ಕಿಂತ ಅಗ್ಗ. ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಲೆಕ್ಕ. ಆದರೆ ಮೋಟರಿಗೆ ದಮ್ಮೇ ಇರುವುದಿಲ್ಲ. ದೊಡ್ಡ ಚಕ್ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಹಾಕಿದ ದಿನ ಗುಂಯ್ ಅಂತ ನಿಂತೇ ಬಿಟ್ಟಿತು. ಹಾಗೆ ನಿಂತ ಮೋಟರ್ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡುತ್ತದೆ. ಅಲ್ಲಿಗೆ ಅದನ್ನು ಬಿಟ್ಟೆ.

ರೋಟರಿಯಲ್ಲಿ ಇನ್ನೊಂದು ತ್ರೀ ಫೇಸ್ ಮೋಟರ್ ಖಾಲಿ ತಿರುಗುತ್ತಾ ಮೂರನೇ ಫೇಸ್ ಹುಟ್ಟಿಸುತ್ತದೆ. ಇದು ಗಟ್ಟಿ ದಾರಿ. ಒಂದೇ ಐಡ್ಲರ್ (ಆ ಖಾಲಿ ತಿರುಗುವ ಮೋಟರ್) ಮೇಲೆ ಎರಡು ಮೂರು ಮೆಷಿನ್ ಓಡಿಸಬಹುದು. ಸದ್ದು ಮಾತ್ರ ದಿನವಿಡೀ. ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ನನ್ನ ಬಿ ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಟ್ ಮಾಡುವ ಸ್ವಿಚ್) ಪದೇ ಪದೇ ಬೀಳುತ್ತಿತ್ತು. ಶುರುವಿನ ಎಳೆತವನ್ನು ಹೆಚ್ಚು ತಾಳುವ ಸಿ ಕರ್ವ್ ಹಾಕಿಸಿದೆ. ಸುಮ್ನೆ ಬದಲಿಸಬೇಡಿ, ಅರ್ಥ್ ಲೂಪ್ ಅಳತೆಯನ್ನೂ (ಸೋರಿದಾಗ ಎಂಸಿಬಿ ಬೀಳಿಸುವಷ್ಟು ಕರೆಂಟ್ ಅರ್ಥ್ ದಾರಿಯಲ್ಲಿ ಹರಿಯುತ್ತದಾ ಅನ್ನುವ ಪರೀಕ್ಷೆ) ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಇನ್ನೊಂದು ತಪ್ಪು ನನ್ನದೇ: ಕಾಂಟ್ಯಾಕ್ಟರ್ (ಕಾಯಿಲಿನ ಅಯಸ್ಕಾಂತದಿಂದ ಕೂಡುವ ಸ್ವಿಚ್) ಕಾಯಿಲನ್ನು ಹುಟ್ಟಿಸಿದ ಫೇಸಿಗೆ ಕೊಟ್ಟಿದ್ದೆ. ಆ ಫೇಸಿನ ವೋಲ್ಟೇಜ್ ಲೋಡಿಗೆ ತಕ್ಕಂತೆ ಏರಿಳಿಯುತ್ತದೆ. ಕಾಂಟ್ಯಾಕ್ಟರ್ ಪಟಪಟ ಬಡಿದುಕೊಂಡಿತು. ಕಾಯಿಲ್ ಯಾವಾಗಲೂ ಅಸಲಿ ಫೇಸ್, ನ್ಯೂಟ್ರಲ್ ಮೇಲೇ ಇರಬೇಕು.

ಈಗ ಬಳಸುತ್ತಿರುವುದು ವಿಎಫ್‌ಡಿ. ಮೆಲ್ಲಗೆ ಶುರುವಾಗುತ್ತದೆ, ಎಂಸಿಬಿ ಬೀಳುವುದಿಲ್ಲ, ವೇಗ ಬೇಕಾದಷ್ಟು. ಆದರೆ ನನಗೆ ಭಯ ಹುಟ್ಟಿಸಿದ್ದೂ ಇದೇ. ಸ್ಟಾರ್ಟಿಗೆ ಸಾದಾ ಆನ್-ಆಫ್ ಸ್ವಿಚ್ ಹಾಕಿದ್ದೆ. ಒಂದು ಸಂಜೆ ಕರೆಂಟ್ ಹೋಯಿತು. ಸ್ವಿಚ್ ಆನ್‌ನಲ್ಲೇ ಉಳಿದಿತ್ತು. ಚಕ್ ಬಿಗಿಯುವ ಕೀ ತೆಗೆದುಕೊಳ್ಳಲು ತಿರುಗಿದ್ದೆ, ಅಷ್ಟರಲ್ಲಿ ಕರೆಂಟ್ ಬಂತು, ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ತಿರುಗತೊಡಗಿತು. ಕೀ ಚಕ್ಕಿನಲ್ಲಿ ಇದ್ದಿದ್ದರೆ ನೇರ ಮುಖಕ್ಕೇ ಬರುತ್ತಿತ್ತು, ಅಲ್ವಾ? ಮರುದಿನವೇ ಥ್ರೀ ವೈರ್ ಕಂಟ್ರೋಲ್ ಮಾಡಿದೆ: ಒತ್ತಿ ಬಿಡುವ ಸ್ಟಾರ್ಟ್ ಬಟನ್, ಬೇರೆ ಸ್ಟಾಪ್ ಬಟನ್, ಆಟೋ ರೀಸ್ಟಾರ್ಟ್ ಬಂದ್. ಲೇತಿನ ಹಳೇ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟರಿನ ನಡುವೆ ಉಳಿಸಲಿಲ್ಲ. ಓಡುವಾಗ ಅಲ್ಲಿ ಕಟ್ ಮಾಡಿದರೆ ಡ್ರೈವ್ ಹಾಳಾಗಬಹುದು.

ಆರ್‌ಸಿಸಿಬಿ (ಅರ್ಥಿಗೆ ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್) ವಿಷಯದಲ್ಲೂ ವಿಎಫ್‌ಡಿ ಸ್ವಲ್ಪ ತಕರಾರು ಮಾಡುತ್ತದೆ. ಅದರ ಫಿಲ್ಟರಿನಿಂದಲೇ ಅರ್ಥಿಗೆ ಕರೆಂಟ್ ಸೋರುತ್ತದೆ. ನನ್ನ 30 ಮಿಲಿಆಂಪಿನದು ಅದಕ್ಕೇ ಕೆಲವು ಸಲ ಬಿದ್ದಿತ್ತು. ಆಗ ತೆಗೆದು ಹಾಕುವ ಮನಸ್ಸಾಗುತ್ತದೆ. ಖಂಡಿತ ಬೇಡ. ಎಸಿ ಟೈಪ್ (ಸಾದಾ ಎಸಿ ಸೋರಿಕೆಯನ್ನಷ್ಟೇ ಗುರುತಿಸುವಂಥದ್ದು) ಇದ್ದರೆ ಡ್ರೈವಿನ ಕೈಪಿಡಿ ಹೇಳುವ ಟೈಪಿಗೆ ಬದಲಿಸಿ. ಡ್ರೈವ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ಕಾಯ್ದು ಕವರ್ ತೆಗೆದು, ಮೀಟರ್ ಹಿಡಿದು ನೋಡಿಯೇ ಒಳಗೆ ಕೈ ಹಾಕಿ.

ಹಲವು ಮೆಷಿನ್ ಇದ್ದವರಿಗೆ ರೋಟರಿ ಸರಿ. ಒಂದೇ ಲೇತ್ ಇದ್ದರೆ ನನ್ನ ಮಟ್ಟಿಗೆ ವಿಎಫ್‌ಡಿಯೇ ಮೇಲು, ವೈರಿಂಗ್ ಮನಸ್ಸಿಟ್ಟು ಮಾಡಿದರೆ. ಆಗಾಗ ಖಾಲಿ ಲೇತ್ ಓಡಿಸಿ, ಮೇನ್ ಸ್ವಿಚ್ ಎಳೆಯುತ್ತೇನೆ. ಡಿಸ್‌ಪ್ಲೇ ಆರುವ ತನಕ ಕಾಯ್ದು ಮತ್ತೆ ಹಾಕುತ್ತೇನೆ. ಸ್ಪಿಂಡಲ್ ಅಲುಗಾಡಬಾರದು.