ಚಿಕ್ಕ ಕ್ವಿಲ್ಟಿಗೆ ಬಟ್ಟೆ: ಅಂಗಡಿ ಕ್ಲಬ್ಬಿನ ಪೊಟ್ಟಣವೋ, ಚಾರ್ಮ್ ಪ್ಯಾಕೋ, ನಾವೇ ಆರಿಸಿದ ತುಂಡೋ?

ಚಿಕ್ಕ ಕ್ವಿಲ್ಟ್ (ಕೌದಿಯಂತೆ ಬಟ್ಟೆಯ ತುಂಡು ಜೋಡಿಸಿ ಪದರಪದರವಾಗಿ ಹೊಲಿದದ್ದು) ಹೊಲಿಯುವುದಕ್ಕೆ ಚಾರ್ಮ್ ಪ್ಯಾಕ್, ಅಂದರೆ ಮೊದಲೇ ಚಿಕ್ಕ ಚೌಕಗಳಾಗಿ ಕತ್ತರಿಸಿದ ಬಟ್ಟೆಯ ಕಟ್ಟು, ಕೊಳ್ಳಬೇಡಿ. ಹತ್ತಿರದಲ್ಲಿ ತಿಂಗಳ ಕ್ಲಬ್ ನಡೆಸುವ ಕ್ವಿಲ್ಟ್ ಅಂಗಡಿ ಇದ್ದರೆ ಮೊದಲ ವರ್ಷ ಕಣ್ಣು ಮುಚ್ಚಿಕೊಂಡು ಅದಕ್ಕೇ ಸೇರಿ. ಒಂದೇ ನಮೂನೆಯನ್ನು ಮೂರು ಬಗೆಯ ಬಟ್ಟೆಯಲ್ಲೂ ಹೊಲಿದು ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಇಲ್ಲಿ ಬಟ್ಟೆ ಎಂದರೆ ರಿಪ್ರೊಡಕ್ಷನ್ ಬಟ್ಟೆ. ಅಮೆರಿಕದ ಅಂತರ್ಯುದ್ಧದ (1861–65) ಹಿಂದುಮುಂದಿನ ದಶಕಗಳ ಅಚ್ಚುಗಳನ್ನು ನೋಡಿಕೊಂಡು ಈಗ ಮತ್ತೆ ಅಚ್ಚು ಹಾಕುವ ಹತ್ತಿಬಟ್ಟೆ. ಮ್ಯಾಡರ್ ಬೇರಿನ ಇಟ್ಟಿಗೆಗೆಂಪು ಮತ್ತು ಕಂದು, ಟರ್ಕಿ ರೆಡ್, ಪ್ರಷ್ಯನ್ ನೀಲಿ, ಇಂಡಿಗೊ, ತಿಳಿಗುಲಾಬಿಯ ಮೇಲೆ ಕಡುಗುಲಾಬಿ ಚುಕ್ಕೆಯ ಡಬಲ್ ಪಿಂಕ್, ಕ್ರೋಮ್ ಕಿತ್ತಳೆಯ ‘ಚೆಡರ್’, ಇವುಗಳ ನಡುವೆ ಬಿಳುಪಿಗೆ ಶರ್ಟಿಂಗ್: ಕೆನೆಬಣ್ಣದ ಮೇಲೆ ಸಣ್ಣ ಕಪ್ಪು ಅಥವಾ ಕೆಂಪು ಗುರುತು. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದದ್ದಕ್ಕೂ ಇಂಗ್ಲಿಷಿನ ಚಿಂಟ್ಜ್ ಎಂಬುದಕ್ಕೂ ನಂಟಿದೆ. ಕೋರಮಂಡಲ ತೀರದಿಂದ ಹಡಗೇರಿದ ಬಟ್ಟೆಯ ಹೂಬಳ್ಳಿಗಳನ್ನೇ ಯುರೋಪಿನ ಮಿಲ್ಲುಗಳು ನಕಲು ಮಾಡಿದ್ದು. ಹಾಗಾಗಿ ಈ ಬಣ್ಣಗಳು ನಮ್ಮ ಕಣ್ಣಿಗೆ ಪರಕೀಯ ಎನ್ನಿಸುವುದಿಲ್ಲ.

ಚಿಕ್ಕ ಕ್ವಿಲ್ಟುಗಳಿಗೆಂದೇ ಅಂಗಡಿಗಳ ಮೂಲಕ ಕ್ಲಬ್ ನಡೆಸುವ ರೂಢಿಗೆ ಅಮೆರಿಕದ ನೆಬ್ರಾಸ್ಕಾದ ಕ್ವಿಲ್ಟ್ ವಿನ್ಯಾಸಕಿ ಜೋ ಮಾರ್ಟನ್ ಅವರ ‘ಜೋಸ್ ಲಿಟ್ಲ್ ವಿಮೆನ್ ಕ್ಲಬ್’ ಒಳ್ಳೆಯ ಉದಾಹರಣೆ. ಇಂಥ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು ನಮೂನೆ, ಅದಕ್ಕೆ ತಕ್ಕ ಬಟ್ಟೆ. ಅಂಗಡಿಯಿಂದ ಅಂಗಡಿಗೆ ಪದ್ಧತಿ ಬೇರೆ. ಕೆಲವರು ನಮೂನೆಯ ಹಾಳೆ ಮಾತ್ರ ಕೊಡುತ್ತಾರೆ, ಕೆಲವರು ಕತ್ತರಿಸಿದ ತುಂಡುಗಳನ್ನೂ ಜಿಪ್ ಚೀಲದಲ್ಲಿ ಹಾಕಿ ಕೊಡುತ್ತಾರೆ. ನಾನು ಹೋಲಿಸುತ್ತಿರುವುದು ಎರಡನೆಯದನ್ನು.

ಪರೀಕ್ಷೆಗೆ ತೆಗೆದುಕೊಂಡದ್ದು ಸರಳ ನೈನ್-ಪ್ಯಾಚ್, ಅಂದರೆ ಒಂಬತ್ತು ಪುಟ್ಟ ಚೌಕ ಸೇರಿ ಒಂದು ಬ್ಲಾಕ್ ಆಗುವ ಒಂಬತ್ತುಮನೆ. 3 ಇಂಚಿನ ಬ್ಲಾಕ್, ಐದು ಸಾಲು, ಸಾಲಿಗೆ ಐದು. 13 ಒಂಬತ್ತುಮನೆಯವು, 12 ಖಾಲಿ ಚೌಕ. ಸುತ್ತ 2 ಇಂಚಿನ ಅಂಚು ಸೇರಿ 19 ಇಂಚು. ಒಂಬತ್ತುಮನೆಗೆ 1½ ಇಂಚಿನ ಚೌಕಗಳು: 65 ಗಾಢ, 52 ತಿಳಿ. ಖಾಲಿ ಚೌಕಕ್ಕೆ 3½ ಇಂಚು. ಕತ್ತರಿಸುವ ಈ ಅಳತೆಗಳಲ್ಲಿ ಪ್ರತಿ ಬದಿಗೆ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ.

ಈಗ ಚಾರ್ಮ್ ಪ್ಯಾಕ್. 5 ಇಂಚಿನ ಚೌಕಗಳು, ಸಾಮಾನ್ಯವಾಗಿ 42. ಒಂದು ಚೌಕದಿಂದ 1½ ಇಂಚಿನವು ಒಂಬತ್ತು ಬರುತ್ತವೆ, ಮೇಲೆ ಅರ್ಧ ಇಂಚು ಮಿಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ತೊಂದರೆ ಇರುವುದು ಅಂಚಿನಲ್ಲಿ. ಎಳೆ ಬಿಚ್ಚದಿರಲಿ ಎಂದು ಈ ಚೌಕಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿರುತ್ತಾರೆ. 5 ಇಂಚು ಎಂದರೆ ಹಲ್ಲಿನ ತುದಿಯಿಂದ ತುದಿಗೋ, ಬುಡದಿಂದ ಬುಡಕ್ಕೋ? ಇದಕ್ಕೆ ಒಂದೇ ನಿಯಮವಿಲ್ಲ. ನಾನು ಬಿಚ್ಚಿದ ಎರಡು ಪ್ಯಾಕುಗಳಲ್ಲಿ ಒಂದು ತುದಿಗೆ ಸರಿಯಾಗಿ 5 ಇಂಚು, ಇನ್ನೊಂದು ಬುಡಕ್ಕೆ.

ದೊಡ್ಡ ಹಾಸಿಗೆ ಕ್ವಿಲ್ಟಿನಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಚಿಕ್ಕದರಲ್ಲಿ ಮುಚ್ಚುವುದಿಲ್ಲ. ಕಾರಣ ನೋಡಿ. ಹೊಲಿಗೆ 1/16 ಇಂಚು, ಅಂದರೆ ನಮ್ಮ ಹಳೆಯ ಲೆಕ್ಕದ ಒಂದೇ ಒಂದು ವೀಸ, ಒಳಕ್ಕೆ ಸರಿದರೆ ಎರಡೂ ಬದಿಯ ಬಟ್ಟೆಯಿಂದ ತಿನ್ನುತ್ತದೆ. ಪ್ರತಿ ಹೊಲಿಗೆಗೆ ಅರೆಕಾಲು ಇಂಚು ನಷ್ಟ. ಒಂಬತ್ತುಮನೆಯ ಬ್ಲಾಕಿನಲ್ಲಿ ಅಡ್ಡಕ್ಕೆ ಎರಡು ಹೊಲಿಗೆ, ಹಾಗಾಗಿ ಬ್ಲಾಕ್ 3½ ಬರಬೇಕಾದಲ್ಲಿ 3¼ ಬರುತ್ತದೆ. ಪಕ್ಕದ ಖಾಲಿ ಚೌಕದಲ್ಲಿ ಹೊಲಿಗೆಯೇ ಇಲ್ಲ, ಅದು 3½ರಲ್ಲೇ ನಿಂತಿರುತ್ತದೆ. ಎಳೆದು ಸೇರಿಸಿದರೆ ಬ್ಲಾಕ್ ಸೊಟ್ಟಗಾಗುತ್ತದೆ, ಸಡಿಲ ಬಿಟ್ಟರೆ ಖಾಲಿ ಚೌಕ ಉಬ್ಬುತ್ತದೆ.

ಇನ್ನೂ ಕಿರಿಕಿರಿಯ ಸಂಗತಿ ಎಂದರೆ ತಪ್ಪು ಒಂದೇ ಸಮನಾಗಿರುವುದಿಲ್ಲ. ಒಂದು ಮೂಲೆಯಿಂದ ಅಳೆದು ಚಾರ್ಮನ್ನು ಒಂಬತ್ತು ಮಾಡಿದಾಗ ಆ ಮೂಲೆಯದಕ್ಕೆ ಎರಡು ಹಲ್ಲಂಚು, ಅದರ ಎರಡು ಬದಿಯ ನಾಲ್ಕಕ್ಕೆ ಒಂದೊಂದು, ಉಳಿದ ನಾಲ್ಕಕ್ಕೆ ಒಂದೂ ಇಲ್ಲ. ಅವು ಕಲೆತುಹೋದ ಮೇಲೆ ಯಾವ ಬದಿಯನ್ನು ಯಂತ್ರದ ಅಳತೆಗೆರೆಗೆ ತಾಗಿಸಿದಿರಿ ಎಂಬುದರ ಮೇಲೆ ಹೊಲಿಗೆಯ ಅಗಲ ಬದಲಾಗುತ್ತದೆ. ಯಂತ್ರವನ್ನು ಎಷ್ಟು ಸರಿಪಡಿಸಿಕೊಂಡರೂ ಇದು ಹೋಗದು.

ಇದಕ್ಕೆ ಖಚಿತ ಪರಿಹಾರ ಒಂದೇ: ನಾಲ್ಕೂ ಬದಿಯಿಂದ ಕಾಲು ಇಂಚು ತೆಗೆದು 4½ಕ್ಕೆ ಇಳಿಸಿ, ಆಮೇಲೆ 1½ರಂತೆ ಕತ್ತರಿಸಿ. ಆದರೆ 42 ಚೌಕಕ್ಕೆ ನಾಲ್ಕು ಬದಿಯೆಂದರೆ 168 ಬದಿ. ನಾಲ್ಕನಾಲ್ಕು ಪೇರಿಸಿ ಕತ್ತರಿಸಿದರೂ ಸಮಯ ಉಳಿಯಲಿ ಎಂದು ಕೊಂಡ ಬಟ್ಟೆ ಸಮಯವನ್ನೇ ನುಂಗುತ್ತದೆ. ಬಟ್ಟೆಯ ಲೆಕ್ಕವೂ ಕೈಕೊಡುತ್ತದೆ: 42 ಚೌಕ ಸೇರಿ 1,050 ಚದರ ಇಂಚು, ಗಜದ ಮೂರರಲ್ಲಿ ಎರಡು ಪಾಲು, ಅಂಚು ತೆಗೆದ ಮೇಲೆ ಉಳಿಯುವುದು 850, ಅರ್ಧ ಗಜಕ್ಕಿಂತ ತುಸು ಹೆಚ್ಚು. ಕೊಟ್ಟ ದುಡ್ಡು ಮಾತ್ರ ಪೂರ್ತಿ ಒಂದು ಗಜದ್ದು.

2½ ಇಂಚಿನ ಚೌಕ ಕೇಳುವ ನಮೂನೆಯಾದರೆ ಅಂಚು ತೆಗೆಯುವ ದಾರಿಯೂ ಇಲ್ಲ, ಎರಡೂವರೆ ಎರಡಲ ಐದಕ್ಕೆ ಬಟ್ಟೆ ಮುಗಿಯಿತು. ಆಗ ಬೇಡದ ಎರಡು ಚಾರ್ಮ್‌ಗಳನ್ನು ಮೊದಲು ಜೋಡಿಸಿ, ಇಸ್ತ್ರಿ ಮಾಡಿ ಅಳೆಯಿರಿ. 9½ ಬಂದರೆ ನೀವು ತಾಗಿಸಿದ ಜಾಗ ಸರಿ. ಬರದಿದ್ದರೆ ತುದಿಯ ಬದಲು ಬುಡ, ಅಥವಾ ಬುಡದ ಬದಲು ತುದಿ. ಇಡೀ ಕ್ವಿಲ್ಟಿಗೆ ಅದನ್ನೇ ಪಾಲಿಸಿ. ಹಲ್ಲಿನ ಚೂರುಗಳು ಬಾಬಿನ್ ಮನೆಯಲ್ಲಿ ಸೇರಿಕೊಳ್ಳುತ್ತವೆ. ಪ್ಯಾಕ್ ಬಿಚ್ಚುವ ಮೊದಲೇ ನಾಲ್ಕು ಬದಿಗೂ ಅಂಟುರೋಲರ್ ಉರುಳಿಸಿ.

ಬಣ್ಣದಲ್ಲೂ ಚಾರ್ಮ್ ಪ್ಯಾಕ್ ಸೋಲುತ್ತದೆ. ಒಂದೇ ಸಂಗ್ರಹದ ಬಟ್ಟೆಗಳಾದ್ದರಿಂದ ಎಲ್ಲವೂ ಒಂದಕ್ಕೊಂದು ಹೊಂದುತ್ತವೆ, ಅದೇ ಕುಂದು. ಹಳೆಯ ಕ್ವಿಲ್ಟುಗಳಲ್ಲಿ ಬೇರೆ ಬೇರೆ ವರ್ಷಗಳ ಉಳಿಕೆ ಬೆರೆತಿರುತ್ತಿತ್ತು, ನಮ್ಮ ಕೌದಿಯಲ್ಲಿ ಹಳೇ ಸೀರೆಯ ಪಕ್ಕ ಹಳೇ ಅಂಗಿ ಬಂದ ಹಾಗೆ. ತಿಳಿ ಬಣ್ಣವೂ ಕಡಿಮೆ. ಒಂದು ಪ್ಯಾಕಿನಲ್ಲಿ ತಿಳಿ ಎನ್ನಬಹುದಾದದ್ದು ಏಳು, ಅದರಲ್ಲಿ ಮೂರು ಮಬ್ಬು ಕಂದು. ಉಳಿದ ನಾಲ್ಕರಿಂದ 36 ಚೌಕ. ಬೇಕಾದದ್ದು 52.

ಕ್ಲಬ್ಬಿನ ಪೊಟ್ಟಣ ಗೆಲ್ಲುವುದು ಇಲ್ಲೇ. ಅಂಗಡಿಯವರು ಹಲವು ತಯಾರಕರ ಥಾನುಗಳಿಂದ ತುಂಡು ತೆಗೆಯುತ್ತಾರೆ. ಡಬಲ್ ಪಿಂಕಿನ ಪಕ್ಕ ಚಾಕೊಲೇಟ್ ಕಂದು, ನೀಲಿಗಳ ನಡುವೆ ಒಂದೇ ಒಂದು ಚೆಡರ್ ಇಟ್ಟಾಗ ಆಗುವ ಚಮತ್ಕಾರವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಅಂಚು ನೇರ, ಅಳತೆ ಖಚಿತ.

ಕೊರತೆಯೂ ಉಂಟು. ಬಟ್ಟೆ ತೂಗಿ ಕೊಟ್ಟಂತೆ ಇರುತ್ತದೆ, ಒಂದು ಪಟ್ಟಿ ತಪ್ಪಿ ಕತ್ತರಿಸಿದರೆ ಬದಲಿ ಇಲ್ಲ. ಮಡಿಕೆಯ ಗೆರೆಯನ್ನು ನೀರು ಚಿಮುಕಿಸಿ ಇಸ್ತ್ರಿ ಮಾಡಿ ತೆಗೆಯದೆ ಅಳೆಯಲೇಬೇಡಿ. ಕೈಯಲ್ಲಿ ಸ್ವಲ್ಪ ಬಟ್ಟೆ ಉಳಿಸಿಕೊಳ್ಳುವ ಉಪಾಯ ಬೈಂಡಿಂಗಿನಲ್ಲಿ, ಅಂದರೆ ಕ್ವಿಲ್ಟಿನ ಹೊರತುದಿಯನ್ನು ಸುತ್ತಲೂ ಮುಚ್ಚುವ ಪಟ್ಟಿಯಲ್ಲಿ, ಇದೆ. 2¼ ಇಂಚಿನ ಎರಡು ಮಡಿಕೆಯ ಬೈಂಡಿಂಗ್ ಚಿಕ್ಕ ಕ್ವಿಲ್ಟಿಗೆ ದಪ್ಪ. 1⅛ ಇಂಚಿನ ಒಂಟಿ ಮಡಿಕೆ ಸಾಕು, ಮೂಲೆಯೂ ಚೂಪಾಗಿ ಕೂರುತ್ತದೆ. 19 ಇಂಚಿನ ಕ್ವಿಲ್ಟಿಗೆ 22 ಇಂಚು ಉದ್ದದ ಐದು ಪಟ್ಟಿ ಬೇಕು. ಎರಡು ಮಡಿಕೆಗೆ 11¼ ಇಂಚು ಬಟ್ಟೆ ಹೋದರೆ ಒಂಟಿಗೆ 5⅝. ಅಂಚಿನ ನಾಲ್ಕು ಪಟ್ಟಿಗೆ 10 ಇಂಚು. ಅಂದರೆ 18×22ರ ಒಂದೇ ಫ್ಯಾಟ್ ಕ್ವಾರ್ಟರಿನಲ್ಲಿ ಅಂಚು, ಬೈಂಡಿಂಗ್ ಎರಡೂ ಮುಗಿದು ಎರಡು ಇಂಚಿಗೂ ಮೇಲೆ ಮಿಗುತ್ತದೆ. ಎರಡು ಮಡಿಕೆಯಾದರೆ ಸಾಲುವುದೇ ಇಲ್ಲ.

ಮೂರನೆಯ ದಾರಿ, ನಾವೇ ಅಂಗಡಿಗೆ ಹೋಗಿ 9×22ರ ಫ್ಯಾಟ್ ಎಯ್ತ್‌ಗಳನ್ನು ಆರಿಸುವುದು. ಕಣ್ಣು ಪಳಗಿದವರಿಗೆ ಇದು ಕ್ಲಬ್ಬಿಗಿಂತ ಮೇಲು. ಖಾಲಿ ಚೌಕ ಹನ್ನೆರಡೂ ಒಂದೇ ಬಟ್ಟೆಯದಾಗಬೇಕಾದರೆ ಒಂದು ಫ್ಯಾಟ್ ಎಯ್ತ್ ಸಾಕು: 3½ರ ಎರಡು ಪಟ್ಟಿ, ಪಟ್ಟಿಗೆ ಆರು. ಹೊಲಿಯುವ ಮೊದಲೇ ತೊಳೆಯುವ ಅಭ್ಯಾಸವಿದ್ದವರಿಗೂ ಇದೇ ಸರಿ. ಚಾರ್ಮನ್ನು ತೊಳೆದರೆ ಎಳೆ ಬಿಚ್ಚಿ ಸೊಟ್ಟಗಾಗುತ್ತದೆ, ಕ್ಲಬ್ಬಿನ ತುಂಡು ಕುಗ್ಗಿದರೆ ಸಾಲದಾಗುತ್ತದೆ. ತೊಳೆಯುವಾಗ ನಾಲ್ಕು ಮೂಲೆಯನ್ನು ಚೂರು ಕತ್ತರಿಸಿದರೆ ಎಳೆ ಗಂಟಾಗುವುದು ತಗ್ಗುತ್ತದೆ. ಆದರೆ ಹತ್ತು ಬಟ್ಟೆಗೆ ಹತ್ತೂ ಪೂರ್ತಿ ತುಂಡು ಕೊಳ್ಳಬೇಕು, ಒಂದೊಂದರಿಂದ ಬಳಸುವುದು ಅಂಗೈಯಗಲ.

ಬಣ್ಣ ಬಿಡುವ ಚಿಂತೆ ಮೂರಕ್ಕೂ ಒಂದೇ. ಕೆಂಪು, ಇಂಡಿಗೊ, ಕಡುಗಂದಿನ ಒಂದೊಂದು ಚೂರನ್ನು ಬಿಳಿ ಹತ್ತಿಯ ಜೊತೆ ಬೆಚ್ಚನೆ ನೀರಿನಲ್ಲಿ, ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ಇಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಶರ್ಟಿಂಗಿನ ಪಕ್ಕ ಇಡಬೇಡಿ.

ನನ್ನ ರೂಢಿ ಮುಂಚೆ ತೊಳೆಯದೆ ಹೊಲಿದು, ತೆಳು ಹತ್ತಿ ಬ್ಯಾಟಿಂಗ್ (ಒಳಪದರ) ಹಾಕಿ, ಮುಗಿದ ಮೇಲೆ ತೊಳೆಯುವುದು. ಒಳಗಿನ ಹತ್ತಿ ಕುಗ್ಗಿ ಮೇಲೆ ಸುಕ್ಕು ಬಂದಾಗಲೇ ಹಳೆಯ ಕ್ವಿಲ್ಟಿನ ಕಳೆ. ತಿಂಗಳಿಗೊಂದು ಮುಗಿಸುವ ವೇಗ, ಸುಮಾರು 20 ಡಾಲರಿನ ಮಿತಿ. ಈ ಅಳತೆಗೆ ಕ್ಲಬ್ಬೇ ಹೊಂದಿತು. ಅದೇ ಹತ್ತು ಬಗೆಯನ್ನು ಬಿಡಿಯಾಗಿ ಕೊಂಡರೆ ಮಿತಿ ದಾಟುತ್ತದೆ. ವರ್ಷಕ್ಕೆ ಎರಡೋ ಮೂರೋ ಹೊಲಿಯುವವರಿಗೆ ಕ್ಲಬ್ ಬೇಡ, ಪೊಟ್ಟಣಗಳು ಕಪಾಟಿನಲ್ಲಿ ಕೂರುತ್ತವೆ.

ಕ್ಲಬ್ಬಿಗೆ ಸೇರುವ ದಿನವೇ ಒಂದು ಗಜ ಶರ್ಟಿಂಗ್ ಬೇರೆಯಾಗಿ ತೆಗೆದಿಡಿ, ತಪ್ಪಿ ಕತ್ತರಿಸಿದ್ದಕ್ಕೆ ಅದೇ ಆಸರೆ. ಹಿಂಬದಿಯ ಬಟ್ಟೆ ನನ್ನ ಪೊಟ್ಟಣಗಳಲ್ಲಿ ಇರುತ್ತಿರಲಿಲ್ಲ. 19 ಇಂಚಿಗೆ ಸುತ್ತಲೂ ಎರಡೆರಡು ಇಂಚು ಬಿಟ್ಟರೆ 23 ಆಗುತ್ತದೆ, ಅದಕ್ಕೆ ಫ್ಯಾಟ್ ಕ್ವಾರ್ಟರ್ ಸಾಲದು. ಥಾನಿನಿಂದ 24 ಇಂಚು ಕತ್ತರಿಸಿಕೊಡಲು ಹೇಳಿ.