ಬೆಳ್ಳಿ ಬಣ್ಣದ ಚಕ್ರ ನಂಬಿ ಆರೂವರೆ ಸಾವಿರ ಕಳ್ಕೊಂಡೆ

ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಬರೀತಿದ್ದೀನಿ. ಆಟಿಕೆ ರೈಲಿನ ಬಾಡಿ (ಮೇಲಿನ ಕವಚ) ಅಡಿಗೆ ಎಚ್‌ಓ ಚಾಸಿ (ಮೆಟಲ್ ಚಕ್ರದಿಂದ ಹಳಿಯ ಕರೆಂಟ್ ಎತ್ತಿ ಓಡೋ ಸಣ್ಣ ಮಾಡೆಲ್ ರೈಲಿನ ಮೋಟಾರು, ಚಕ್ರ ಇರೋ ತಳಭಾಗ) ಕೂರಿಸಬೇಕು ಅಂತಿರೋರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಚಾಸಿಯ ವಿಡಿಯೋ ನೋಡಿ ದುಡ್ಡು ಹಾಕೋರು, ಒಂದು ನಿಮಿಷ ನಿಲ್ಲಿ.

ನಮ್ಮ ಡೀಸೆಲ್ ಎಂಜಿನ್‌ಗಳ ರೆಡಿಮೇಡ್ ಮಾಡೆಲ್ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತೆ. ಅದಕ್ಕೇ ಎಲ್ಲರೂ ಮಾಡೋ ಹಾಗೆ ನಾನೂ ಮಗಳ ಪ್ಲಾಸ್ಟಿಕ್ ಎಂಜಿನ್ ಇಸ್ಕೊಂಡೆ (ಹೊಸದು ಕೊಡಿಸ್ತೀನಿ ಅಂತ ಮಾತು ಕೊಟ್ಟು). ಅಳತೆಯ ಲೆಕ್ಕ ಯಾರಿಗೆ ಬೇಕು, ಓಡಿದರೆ ಸಾಕಿತ್ತು ನನಗೆ.

"ಆರು ಆಕ್ಸಲ್, ಮೆಟಲ್ ವೀಲ್, ಒಳ್ಳೇ ಮೋಟಾರ್ ಸರ್" ಅಂದ, ಸೆಕೆಂಡ್ ಹ್ಯಾಂಡ್ ಚಾಸಿ ಮಾರೋನೊಬ್ಬ. ವಿಡಿಯೋ ಕಳಿಸಿದ. ಹಳಿ ಮೇಲೆ ಸರಾಗವಾಗಿ ಓಡ್ತಿತ್ತು. ಒಂದೇ ದಿಕ್ಕಿಗೆ. ಒಂದೇ ವೇಗದಲ್ಲಿ. ಆಗಲೇ ಹೊಳೀಬೇಕಿತ್ತು. ಹೊಳೀಲಿಲ್ಲ. ಸಾಲದ್ದಕ್ಕೆ ಅವನು ಕೊಟ್ಟ ಅಳತೆ ನಂಬಿ, ಕೊರಿಯರ್ ಬರೋ ಮೊದಲೇ ಬಾಡಿ ಒಳಗಿನ ಸ್ಕ್ರೂ ಗೂಟಗಳನ್ನೆಲ್ಲ ಹ್ಯಾಕ್ಸಾ ಬ್ಲೇಡಲ್ಲಿ ಕತ್ತರಿಸಿ ಹಾಕಿದ್ದೆ. ಕತ್ತೆ ನಾನು.

ಬಾಕ್ಸ್ ಎತ್ತಿದಾಗಲೇ ಹಗುರ. ಹಳಿ ಮೇಲಿಟ್ಟು, ಹಳಿಗೆ ಕರೆಂಟ್ ಬಿಡೋ ಕಂಟ್ರೋಲರ್ ತಿರುಗಿಸಿದೆ, ಪೂರ್ತಿ 12 ವೋಲ್ಟ್ ತನಕ. ಉಹೂಂ. ಹಳಿ ಒರೆಸಿದೆ, ವೈರ್ ಬದಲಾಯಿಸಿದೆ, ಅರ್ಧ ಗಂಟೆ ಮಂಡಿಯೂರಿ ಒದ್ದಾಡಿದೆ. ಎಲ್ಲ ಆಫ್ ಮಾಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಮಗಳು ಅದನ್ನ ಮಗುಚಿ ನೋಡಿ "ಅಪ್ಪಾ, ಇಲ್ಲಿ ಸ್ವಿಚ್ ಇದೆ" ಅಂತ ಒತ್ತಿ ಕೆಳಗಿಟ್ಟಳು. ಓಡಿತು! ಕರೆಂಟೇ ಇಲ್ಲದ ಹಳಿ ಮೇಲೆ ಓಡಿ, ಹಳಿ ಮುಗಿದ ಮೇಲೂ ಓಡಿ, ಸೋಫಾ ಕೆಳಗೆ ಹೋಯ್ತು.

ಡೀಸೆಲ್ ಟ್ಯಾಂಕ್ ಬಿಚ್ಚಿದರೆ ಒಳಗೆ ಎರಡು ಪೆನ್ಸಿಲ್ ಸೆಲ್. ಚಕ್ರ ಉಗುರಲ್ಲಿ ಕೆರೆದೆ. ಬೆಳ್ಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್. ಹಳಿಯಿಂದ ಕರೆಂಟ್ ಎತ್ತೋದು ಯಾರು, ಅವರಪ್ಪನಾ? ಒಂದು ಆಟಿಕೆ ಚಾಸಿ ತೆಗೆದು ಇನ್ನೊಂದು ಆಟಿಕೆ ಚಾಸಿ ಹಾಕೋಕೆ ಆರೂವರೆ ಸಾವಿರ!

ಅವನ ಉತ್ತರ ಕೇಳಿ.

"ಓಡ್ತಾ ಇದೆ ಅಲ್ವಾ ಸರ್?"

"ಹಳಿ ಕರೆಂಟಲ್ಲಿ ಓಡುತ್ತೆ ಅಂತ ನಾನೆಲ್ಲಿ ಹೇಳಿದೆ?" ಮೊದಲಿಂದ ಚಾಟ್ ಓದಿದೆ. ನಿಜವಾಗ್ಲೂ ಹೇಳಿಲ್ಲ. ನಾನೂ ಕೇಳಿಲ್ಲ. ಎಚ್‌ಓ ಚಾಸಿ ಅಂದ ಮೇಲೆ ಅದನ್ನೂ ಕೇಳಬೇಕಾ? ಮೆಟಲ್ ವೀಲ್ ಅಂದಿದ್ಯಲ್ಲಪ್ಪಾ ಅಂದರೆ, "ಮೆಟಲ್ ಕಲರ್ ಸರ್."

"ಮನೇಲಿ ಮಗು ಇದೆ ಅಂದ್ರಿ, ಬ್ಯಾಟರಿನೇ ಸೇಫ್."

ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ವಾಪಸ್ ತಗೋ ಅಂದೆ. "ನೀವು ಬಿಚ್ಚಿಬಿಟ್ಟಿದ್ದೀರ, ಆಗಲ್ಲ." ಮಾರನೇ ದಿನ ಡಿಪಿ ಮಾಯ.

ನೀವು ದುಡ್ಡು ಹಾಕೋ ಮೊದಲು, ಕಂಟ್ರೋಲರ್ ಹಿಡಿದ ಕೈ ಕಾಣೋ ಹಾಗೆ ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸು ಅನ್ನಿ. ಮಗುಚಿ ಅಡಿ ತೋರಿಸು ಅನ್ನಿ. ಅಡುಗೆಮನೆ ತಕ್ಕಡಿ ಮೇಲೆ ಇಡಿಸಿ, ಅಸಲಿ ಚಾಸಿ ಇಷ್ಟು ಹಗುರ ಇರೋದೇ ಇಲ್ಲ. ಬಾಡಿಗಂತೂ ಬ್ಲೇಡ್ ತಾಗಿಸಬೇಡಿ, ಚಾಸಿ ಕೈಗೆ ಬರೋ ತನಕ.

ಗೂಟ ಹೋಗಿರೋದ್ರಿಂದ ಮಗಳ ಎಂಜಿನ್ ಈಗ ಅದರ ಹಳೇ ಚಾಸಿಗೂ ಕೂರ್ತಿಲ್ಲ. ಎರಡು ರಬ್ಬರ್ ಬ್ಯಾಂಡ್ ಸುತ್ತಿ ಓಡಿಸ್ತಿದ್ದಾಳೆ.