ನೇರಳಾತೀತ ದೀಪದ ಶಿಲಾ ಸೂಕ್ಷ್ಮದರ್ಶಕ: ಆರು ವರ್ಷಗಳ ಬಳಕೆಯ ನಂತರ

ತುಮಕೂರಿನ ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಸೂಕ್ಷ್ಮದರ್ಶಕಕ್ಕೆ 365 ನ್ಯಾನೊಮೀಟರಿನ ಎಲ್‌ಇಡಿ ದೀಪ ಅಳವಡಿಸಿ ಆರು ವರ್ಷಗಳಾದವು. ಮೊದಲಿದ್ದ ಪಾದರಸದ ದೀಪ ಕರೆಂಟ್ ಹೋದರೆ ಪೂರ್ತಿ ಆರಿ ತಣ್ಣಗಾಗುವವರೆಗೆ ಮತ್ತೆ ಹೊತ್ತುತ್ತಿರಲಿಲ್ಲ. ಈಗ ಗುಂಡಿ ಒತ್ತಿದೊಡನೆ ಬೆಳಕು ಬರುತ್ತದೆ. ಈ ನೇರಳಾತೀತ ಬೆಳಕಿಗೆ ಕಲ್ಲಿನೊಳಗೆ ಸಿಕ್ಕಿರುವ ಕಚ್ಚಾ ತೈಲ ಹೊಳೆಯುವುದರಿಂದ, ಅದನ್ನು ಹುಡುಕಲು ನಾವು ಇದನ್ನು ಬಳಸುತ್ತೇವೆ.

ತೈಲವು ತಾನು ಹುಟ್ಟಿದ ಶಿಲೆಯಲ್ಲಿಯೇ ಉಳಿಯುವುದಿಲ್ಲ. ನೀರಿಗಿಂತ ಹಗುರವಾದ್ದರಿಂದ ನೀರು ತುಂಬಿದ ರಂಧ್ರಗಳ ಮೂಲಕ ಮೇಲೇರುತ್ತ, ತೀರಾ ಕಿರಿದಾದ ಸಂದುಗಳಲ್ಲಿ ತಡೆದು ನಿಲ್ಲುತ್ತದೆ. ಹಾಗೆ ಸಾಗುವಾಗ ಬೆಸೆದುಕೊಳ್ಳುತ್ತಿರುವ ಬಿರುಕುಗಳೊಳಗೆ ಅದರ ಸಣ್ಣ ಹನಿಗಳು ಸಿಕ್ಕಿಬೀಳುತ್ತವೆ. ಕೃಷ್ಣಾ-ಗೋದಾವರಿ ಕೊಳ್ಳದ ಮರಳುಗಲ್ಲಿನ ಒಂದು ಥಿನ್ ಸೆಕ್ಷನ್‌ನಲ್ಲಿ (ಬೆಳಕು ಹಾಯುವಷ್ಟು ತೆಳುವಾಗಿ ತೇಯ್ದು ಗಾಜಿಗೆ ಅಂಟಿಸಿದ ಕಲ್ಲಿನ ಹಲ್ಲೆಯಲ್ಲಿ), ಸಾಮಾನ್ಯ ಬೆಳಕಿಗೆ ಧೂಳಿನ ಗೆರೆಯಂತೆ ಕಂಡದ್ದು ಈ ದೀಪದಡಿ ನೀಲಿಬಿಳಿ ಚುಕ್ಕೆಗಳ ಸಾಲಾಗಿ ಬೆಳಗಿತು. ಆ ಸಾಲು ಒಂದು ಕಣದಲ್ಲಿ ಮುಗಿಯದೆ ಪಕ್ಕದ ಎರಡು ಕಣಗಳನ್ನೂ ಹಾಯ್ದಿತ್ತು. ಎಂದರೆ ಮರಳು ಗಟ್ಟಿಯಾಗಿ ಕಲ್ಲಾದ ಮೇಲೆಯೇ ತೈಲ ಅಲ್ಲಿಗೆ ಬಂದಿದೆ. ಪುಸ್ತಕದ ಚಿತ್ರದಿಂದ ವಿದ್ಯಾರ್ಥಿಗಳಿಗೆ ಹಿಡಿಯದ ವಿಷಯ ಆ ಒಂದು ನೋಟದಲ್ಲಿ ಹಿಡಿಯಿತು.

ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಕಲ್ಲನ್ನು ಗಾಜಿಗೆ ಅಂಟಿಸುವ ರಾಳವೂ ಈ ಬೆಳಕಿನಲ್ಲಿ ಹೊಳೆಯುತ್ತದೆ. ಮೊದಲ ವರ್ಷ ನಾವು ಅಂಟನ್ನೇ ತೈಲವೆಂದು ಬಗೆದು ಹಲವು ಚಿತ್ರಗಳನ್ನು ತೆಗೆದೆವು. ಈಗ ದೇವರಾಯನದುರ್ಗದ ಗ್ರಾನೈಟಿನ ಚೂರನ್ನು ಅದೇ ಅಂಟಿನಿಂದ ಕೂಡಿಸಿ, ಪ್ರತಿ ಸಲವೂ ಮೊದಲು ಅದನ್ನೇ ನೋಡುತ್ತೇವೆ. ಶಿಲಾರಸದಿಂದ ಗಟ್ಟಿಗೊಂಡ ಆ ಕಲ್ಲಿನಲ್ಲಿ ತೈಲವಿಲ್ಲದ ಕಾರಣ, ಅದರ ಸಂದುಗಳಲ್ಲಿ ಹೊಳೆಯುವುದು ಅಂಟು ಮಾತ್ರ. ಚೂರುಗಳನ್ನು ಅಂಟಿಸುವಾಗ ಬಿಸಿ ಮಾಡುವುದನ್ನೂ ಬಿಟ್ಟಿದ್ದೇವೆ, ಏಕೆಂದರೆ ಶಾಖಕ್ಕೆ ಒಳಗಿನ ಹನಿಗಳು ಒಡೆದು ಬರಿದಾಗುತ್ತವೆ.

ಹೊಳಪಿನ ಬಣ್ಣವನ್ನಷ್ಟೇ ನೋಡಿ ತೈಲದ ಗುಣವನ್ನು ನಿರ್ಣಯಿಸಲು ಇದನ್ನು ನಂಬಬಾರದು. ರಂಧ್ರಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದೂ ಚಪ್ಪಟೆ ಹಲ್ಲೆಯಲ್ಲಿ ತಿಳಿಯದು. ಅದಕ್ಕೆ ಎಕ್ಸ್-ರೇ ಸಿ.ಟಿ. ಬೇಕು. ಅಲ್ಲಿ ತೈಲವೂ ನೀರೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುವುದರಿಂದ ನೀರಿಗೆ ಅಯೋಡೈಡ್ ಲವಣ ಬೆರೆಸಿ ಗುರುತಿಸುತ್ತಾರೆ. ಅಂಥ ಯಂತ್ರ ನಮ್ಮಂಥ ಕಾಲೇಜಿನ ಅಳವಿಗೆ ಮೀರಿದ್ದು.

ಮಾರಾಟಗಾರರ ಸೇವೆ ಮಾತ್ರ ಬೇಸರ ತರಿಸಿದೆ. ನಾಲ್ಕನೆಯ ಮಳೆಗಾಲದಲ್ಲಿ ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ಸೋಸುವ ಗಾಜಿನ ಫಿಲ್ಟರ್‌ಗೆ ಬೂಷ್ಟು ಹಿಡಿದಾಗ ಬದಲಿ ಬರಲು ಐದು ತಿಂಗಳು ಹಿಡಿಯಿತು. ಈಗ ಅದನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಕಾಪಾಡುತ್ತೇವೆ. ಮೊನ್ನೆ ತೆರೆದಾಗ ಗಾಜು ಸ್ವಚ್ಛವಾಗಿತ್ತು.